ಸದ್ದು ನಿಂತ ಹೊತ್ತು

ಫೋನು ಬಂದಾಗ ಪವಿತ್ರಳ ಬೊಗಸೆ ತುಂಬ ಹಣ್ಣಾದ ರೇಷ್ಮೆಹುಳುಗಳಿದ್ದವು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು. ವಿಶಾಖಪಟ್ಟಣದಿಂದ ಅವಳ ಮೇಲಧಿಕಾರಿ.

"ಪವಿತ್ರಾ, ನಾಳೆ ಬೆಳಿಗ್ಗೆ ಹಡಗು ಸಮುದ್ರಕ್ಕೆ ಹೊರಡ್ತಿದೆ. ನಿಮ್ಮ ಮೋಟರನ್ನ ಮೊದಲ ಸಲ ಪೂರ್ತಿ ವೇಗಕ್ಕೆ ಓಡಿಸ್ತಾರೆ. ಒಬ್ಬರಿಗೆ ಜ್ವರ ಬಂದು ಒಂದು ಜಾಗ ಖಾಲಿಯಾಗಿದೆ. ಸಂಜೆ ವಿಮಾನಕ್ಕೆ ಬರೋಕಾಗುತ್ತಾ? ಬೇಗ ಹೇಳಿ, ಇಲ್ಲದಿದ್ರೆ ಬೇರೆಯವರನ್ನ ಕರೀಬೇಕು."

ಸ್ವಲ್ಪ ಹೊತ್ತಲ್ಲಿ ಹೇಳ್ತೀನೆಂದು ಕರೆ ಮುಗಿಸಿದ ಪವಿತ್ರಳ ಮುಖ ಅರಳಿತ್ತು. ಯುದ್ಧನೌಕೆಗೆಂದು ಆ ಮೋಟರಿನ ಮೊದಲ ಗೆರೆ ಎಳೆದವಳೇ ಅವಳು. ಬಂದರಿನೊಳಗೆ ಅದು ಮೊದಲು ತಿರುಗಿದ ದಿನ ಹಡಗಿನಲ್ಲಿ ಜಾಗ ಸಾಲದೆ ಅವಳ ಹೆಸರು ಬಿಟ್ಟುಹೋಗಿತ್ತು. ತಾನು ಹೆತ್ತ ಕೂಸಿನ ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳಿದ ಹಾಗೆ ಆಗಿತ್ತು ಅವಳಿಗೆ.

ಆದರೆ ದಿಬ್ಬೂರಹಳ್ಳಿಯ ಈ ಮನೆಗೆ ಒಂದು ಕಟ್ಟುಪಾಡಿತ್ತು. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಮನೆಯವರು ಯಾರೂ ಪ್ರಯಾಣ ಹೊರಡುವಂತಿಲ್ಲ. ಪಕ್ಕದ ತಟ್ಟೆಯ ಮುಂದೆ ಕೂತು ಹುಳು ಆರಿಸುತ್ತಿದ್ದ ಅತ್ತೆ ವೆಂಕಟರತ್ನಮ್ಮನಿಗೆ ಫೋನಿನ ಮಾತೆಲ್ಲ ಕೇಳಿಸಿತ್ತು. ಬಾಯಿಬಿಟ್ಟು ಕೇಳುವ ಮೊದಲೇ ತನ್ನ ಮುಖ ಅರಳಿಬಿಟ್ಟಿತಲ್ಲ ಎಂದು ಪವಿತ್ರಳಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ, ಬೊಗಸೆಯ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಮೇಲೆ ಒಂದೊಂದಾಗಿ ಬಿಟ್ಟಳು.

"ಹಿಂದೊಂದ್ಸಲ ಇದೇ ಹೊತ್ನಲ್ಲಿ ನನ್ನ ತಮ್ಮನ ಮದುವೆ ಬಂದಿತ್ತು. ನಾನು ಹೋಗ್ಲಿಲ್ಲ. ಇವತ್ತಿಗೂ ಆಡ್ಕೊಂತಾನೆ," ಎಂದರು ಅತ್ತೆ.

"ಗೊತ್ತು ಅತ್ತೆ. ಬರಲ್ಲ ಅಂತ ಹೇಳ್ಬಿಡ್ತೀನಿ."

"ಹೇಳೀವಂತೆ ಇರು. ಏನದು ನಿನ್ನ ಮೋಟ್ರು? ನಮ್ಮ ಬೋರ್‌ವೆಲ್ಲಿನ ತರದ್ದಾ?"

ಪವಿತ್ರಳಿಗೆ ನಗು ಬಂತು. "ಅದರ ಮುತ್ತಜ್ಜ ಅನ್ಕೊಳ್ಳಿ. ಹಡಗಿನ ಎಂಜಿನ್ನು ಬರೀ ಕರೆಂಟ್ ಮಾಡಿ ಕೊಡುತ್ತೆ. ನೀರೊಳಗಿನ ರೆಕ್ಕೆ ತಿರುಗಿಸೋದೆಲ್ಲ ಇದೇ. ಗೇರಿಲ್ಲ, ಗಡಗಡ ಇಲ್ಲ. ಶತ್ರುಗಳು ನೀರಿಗೆ ಕಿವಿ ಇಟ್ಟು ಕೂತಿರ್ತಾರೆ. ಅವರಿಗೆ ಇದರ ಸದ್ದು ಸಿಗಬಾರದು."

"ಸದ್ದೇ ಇಲ್ದಿದ್ರೆ ಅದು ಸರಿಯಾಗಿ ಓಡ್ತೈತೆ ಅಂತ ಹೆಂಗೆ ಗೊತ್ತಾಗುತ್ತೆ?"

"ಅದಕ್ಕೇ ಅತ್ತೆ, ಹತ್ತಿರ ಇರಬೇಕು."

ತಾನು ಹೇಳಿದ್ದು ತನಗೇ ಕೇಳಿಸಿದಂತಾಗಿ ಪವಿತ್ರಳ ಕೈ ಹುಳುವಿನ ಮೇಲೇ ನಿಂತಿತು. ಅತ್ತೆಯೂ ಕೈ ನಿಲ್ಲಿಸಿದರು. ಮೊನ್ನೆಯವರೆಗೂ ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸದ್ದಿಗೆ ಈ ಹುಳುಮನೆಯಲ್ಲಿ ಹಗಲೂ ರಾತ್ರಿ ಸಣ್ಣ ಮಳೆ ಹಿಡಿದಂತಿತ್ತು. ಇವತ್ತು ಆ ಮಳೆ ನಿಂತಿತ್ತು. ಮೇವು ಬಿಟ್ಟ ಹುಳುಗಳು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು.

ವೆಂಕಟರತ್ನಮ್ಮ ಎದ್ದು ಬಾಗಿಲಿಗೆ ಹೋಗಿ ಪಕ್ಕದ ಮನೆಯತ್ತ ಕೂಗಿದರು. "ಏ ಆಂಜಿನಮ್ಮ, ಕೈ ತೊಳ್ಕೊಂಡು ಬಾರೇ. ಹೋದ ಬೆಳೇಲಿ ನಿಮ್ಮನೇಗೆ ನಾವು ಬಂದಿದ್ವಲ್ಲ, ಈಗ ನೀನು ಬಾ."

"ಅತ್ತೆ, ಕಟ್ಟುಪಾಡು?"

"ಪ್ರಯಾಣ ಹೋಗಬಾರ್ದು ಅಷ್ಟೇ. ಇನ್ನೊಬ್ಬರ ಮನೇಲಿ ಹುಳ ಹಣ್ಣಾದ್ರೆ ಕೈಯಾಸರೆಗೆ ಹೋಗಬೋದು. ಯಾವ ಕಾಲಕ್ಕೂ ಅದನ್ನ ಬೇಡ ಅಂದೋರಿಲ್ಲ. ಅಲ್ಲಿ ನಿನ್ನ ಮೋಟ್ರು ಹಣ್ಣಾಗೈತೆ ಅನ್ಕೋ." ಸೆರಗಿನಿಂದ ಸೊಸೆಯ ಮೊಣಕೈಗೆ ಅಂಟಿದ್ದ ಸೊಪ್ಪಿನ ಚೂರು ಒರೆಸಿದರು. "ನಡಿ ನಡಿ, ಹೊರಡು. ಮುರಳಿಗೆ ಗಾಡಿ ತೆಗೆಯೋಕೆ ಹೇಳು. ಗಂಡ ಅಂತ ಅವನ ಮುಂದೆ ಅತ್ಕೊಂಡು ಕೂತ್ಕೋಬೇಡ, ವಿಮಾನ ಕಾಯಲ್ಲ."

ಮರುದಿನ ಸಂಜೆ ಹಡಗು ದಡಕ್ಕೆ ಮರಳಿ, ಫೋನಿಗೆ ಸಿಗ್ನಲ್ ಸಿಕ್ಕ ಕೂಡಲೇ ಪವಿತ್ರ ಕರೆ ಮಾಡಿದಳು.

"ಅತ್ತೆ, ಪೂರ್ತಿ ವೇಗದಲ್ಲಿ ಓಡ್ತು. ಮೀಟರ್ ನೋಡದೇ ಇದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಒಂಚೂರೂ ಸದ್ದಿಲ್ಲ."

ಆ ಕಡೆ ವೆಂಕಟರತ್ನಮ್ಮ ದನಿ ತಗ್ಗಿಸಿ, ಮಲಗಿದ ಕೂಸಿನ ಪಕ್ಕ ಕೂತವರಂತೆ ಹೇಳಿದರು:

"ಇಲ್ಲೂ ಸದ್ದಿಲ್ಲ ಕಣಮ್ಮ. ಎಲ್ಲಾ ನೂಲು ಬಿಡ್ತಾ ಅವೆ."