ನೀಲಗಂಗವ್ವನ ಬಿಳಿ ದ್ರಾಕ್ಷಿ

ಭೂಮಿಯ ಕಾವು ಇಳಿಸಲು ಸರಕಾರದವರು ಆಕಾಶಕ್ಕೆ ನೆರಳಿನ ಪರದೆ ಕಟ್ಟಿದಂದಿನಿಂದ, ಬಿಸಿಲೂರಾದ ತಿಕೋಟಾದಲ್ಲೂ ಯುಗಾದಿಯವರೆಗೆ ಹಿಮ ಬೀಳುತ್ತಿತ್ತು. ಬೂದಿ ರೋಗ ಹತ್ತಿ ಊರವರೆಲ್ಲ ದ್ರಾಕ್ಷಿ ಕಿತ್ತು ಹಾಕಿದ್ದರು. ನೀಲಗಂಗವ್ವ ಮಾತ್ರ ಊರ ಬಳ್ಳಿಗೆ ಕಾಡುಬಳ್ಳಿಯ ಪರಾಗ ಕೂಡಿಸಿ, ಔಷಧಿ ಹೊಡೆಯದಿದ್ದರೂ ರೋಗ ಹತ್ತದ ಬಿಳಿ ದ್ರಾಕ್ಷಿ ಬೆಳೆದಿದ್ದಳು. ಅದರ ವೈನು ಚೆನ್ನಾಗಿದ್ದರಷ್ಟೇ ಆ ಹೊಸ ಬಳ್ಳಿಗೆ ಸರಕಾರದ ಪರವಾನಗಿ.

ಪರೀಕ್ಷಿಸಲು ಬಂದ ಅಧಿಕಾರಿ ಚಿದಾನಂದ, ಚಳಿಗೆ ಕೆಂಪಾದ ಮೂಗು ಒರೆಸಿಕೊಳ್ಳುತ್ತ, ಬಾಟಲಿಯಿಂದ ವೈನು ಬಗ್ಗಿಸಿ ಲೋಟ ಮುಂದೆ ಹಿಡಿದ. "ಬೆಳೆದವ್ರ ಮೊದಲ ಕುಡೀಬೇಕ್ರಿ ಅವ್ವಾರ. ನಿಯಮ ಅದ."

ಹುಟ್ಟಿದಾಗಿನಿಂದ ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯದ ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾ ಒಲ್ಲೆರೀ!"

"ಹಂಗಾದ್ರ ಬಳ್ಳಿ ಕೀಳಿಸಬೇಕಾಗ್ತದ."

ಏಳು ವರ್ಷ ಮಗುವಿನಂತೆ ಸಾಕಿದ ಬಳ್ಳಿಯನ್ನೊಮ್ಮೆ ನೋಡಿದಳು. ಕಣ್ಣು ಮುಚ್ಚಿ, ಕಷಾಯ ಕುಡಿದಂತೆ ಲೋಟ ಖಾಲಿ ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

"ಮಾವಿನ ಹೂವಿನ ಗಮ ಬರಾಕತ್ತೈತ್ರೀ!"

ಚಿದಾನಂದನೂ ಕುಡಿದ. ಎರಡನೇ ಮಾತಿಲ್ಲದೆ ಪರವಾನಗಿ ಪತ್ರಕ್ಕೆ ಠಸ್ಸೆ ಒತ್ತಿದ.

ಬೇಲಿಯಾಚೆ ಕಾಯುತ್ತಿದ್ದ ನೆರೆಹೊರೆಯವರು ನೆಡಲು ಬಳ್ಳಿಯ ಕಡ್ಡಿ ಕೇಳುತ್ತ ಹಿಮ ತುಳಿದು ಓಡಿ ಬಂದರು.

"ಸಾವಕಾಶ ಬರ್ರಿ, ಕಡ್ಡಿ ಎಲ್ಲಾರಿಗೂ ಅದಾವು," ಎಂದು ನೀಲಗಂಗವ್ವ ವೈನಿನ ಬಾಟಲಿಯನ್ನು ಬಗಲಿಗೆ ಅವುಚಿಕೊಂಡಳು. "ಇದನ್ನ ಮಾತ್ರ ಯಾರೂ ಕೇಳಬ್ಯಾಡ್ರಿ!"