ಹೋಗುವಾಗ ಅವನು ಅಂದ ಮಾತು

ಗೊತ್ತಿಲ್ಲದವರೊಡನೆ ಮಾತಿಗೆ ನಿಂತರೆ ನಾಲಿಗೆ ಒಣಗುವ ತಾನು ವರದಿಗಾರ್ತಿ ಹೇಗಾದೇನು ಎಂದು ಮೇದಿನಿ ತನ್ನೊಳಗೇ ಅಳುಕುತ್ತಿದ್ದಳು. ಆದರೂ ಕೆರೆಯಲ್ಲಿ ಮುಳುಗಿ ಸತ್ತ ಹುಡುಗನ ತಾಯಿಯನ್ನು ಕುರಿತ ಅವಳ ವರದಿ, ಅವಳು ಓದುತ್ತಿದ್ದ ಪತ್ರಿಕೋದ್ಯಮ ವಿಭಾಗದ ಪತ್ರಿಕೆಯ ಮುಖಪುಟದಲ್ಲಿ ಬಂತು. ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು.

ಇವತ್ತು ಆ ತಾಯಿಯೇ ಪತ್ರಿಕೆ ಹಿಡಿದುಕೊಂಡು ವಿಭಾಗಕ್ಕೆ ಬಂದಿದ್ದಳು.

“ಬರದಾಕಿ ನೀನ ಏನವ್ವಾ? ಅವತ್ತ ಮನಿ ತುಂಬ ಮಂದಿ. ನೀ ಬಂದದ್ದೂ ನೆನಪಿಲ್ಲ, ನಾ ಮಾತಾಡಿದ್ದೂ ನೆನಪಿಲ್ಲ.”

ಮೇದಿನಿ ತಲೆ ತಗ್ಗಿಸಿದಳು.

“ಹೆದರಬ್ಯಾಡ, ಬೈಯಾಕ ಬಂದಿಲ್ಲ. ಮನಿ ಬಿಟ್ಟು ಹೋಗೂಮುಂದ ಮಗ ಏನಂದ ಅಂತ ತಲಿ ಒಡಕೊಂಡರೂ ನೆನಪಾಗಿರಲಿಲ್ಲ. ನೀ ಬರದಿಟ್ಟಿ. ‘ಅಮ್ಮಾ, ಸಂಜೆ ಬೇಗ ಬರುತ್ತೇನೆ.’ ದಿನಾ ಅವ್ವಾ ಅಂತಿದ್ದಾಂವ ಕಡೀಕ ಅಮ್ಮಾ ಅಂದಾನ ನೋಡು. ಈಗ ಕಣ್ಣ ಮುಚ್ಚಿದರ ಅವನ ದನಿಯೊಳಗ ಅದ ಕೇಳಸ್ತದ.”

“ವರದಿಗಾರರಿಗೆ ಇಂಥಾ ಕಿವಿ ಇರಬೇಕ್ರೀ,” ಎಂದರು ಮೇಷ್ಟ್ರು.

ತಾಯಿ ಮೇದಿನಿಯ ಕೈ ಹಿಡಿದಳು. “ನಿನಗ ಅದನ್ನ ಹೇಳೂಮುಂದ ನಾ ಅತ್ತೆನೇನ, ತಂಗಿ?”

ಮೇದಿನಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

“ನಾ ನಿಮ್ಮ ಮನಿಗೆ ಬಂದೇ ಇಲ್ರೀ. ಆ ಮಾತ ಎಐ ಬರದದ್ದು.”