ಲಿಲ್ಲಿಯ ಪಾಲಿನ ಸನ್ನ

ಅಕ್ಕಿಹಿಟ್ಟಿಗೆ ಕಳ್ಳು ಹಾಕಿ ಬೇಯಿಸುವ ಸನ್ನದ ಹುಳಿ ವಾಸನೆ ಬಂದರೆ ಈಗಲೂ ನಾನು ತಟ್ಟೆ ದೂರ ಸರಿಸುತ್ತೇನೆ. ಅದು ಸನ್ನದ ತಪ್ಪಲ್ಲ.

ಆಗ ನನಗೆ ಒಂಬತ್ತು ವರ್ಷ, ನಮ್ಮ ಮನೆ ಕುಲಶೇಖರದಲ್ಲಿ. ಪಕ್ಕದ ಕ್ರಿಶ್ಚಿಯನ್ ಮನೆಯ ರೋಸಿ ಬಾಯಮ್ಮನ ಒಬ್ಬಳೇ ಮಗಳು ಲಿಲ್ಲಿ ಜ್ವರ ಬಂದು ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಆದರೂ ಈಸ್ಟರ್ ಮಧ್ಯಾಹ್ನ ಬಾಯಮ್ಮ ಪ್ರತಿ ವರ್ಷದಂತೆ ಸನ್ನದ ತಟ್ಟೆ ಹಿಡಿದು ಬಂದರು. ನಮ್ಮಲ್ಲಾದರೆ ಸಾವಾದ ಮನೆಗೆ ಒಂದು ವರ್ಷ ಹಬ್ಬವಿಲ್ಲ.

ಅಜ್ಜಿ ಜಗಲಿಯಿಂದ ಏಳಲೇ ಇಲ್ಲ. “ಎಂತ ಬಾಯಮ್ಮ, ಮಗಳಿಗೆ ಮಣ್ಣು ಹಾಕಿದ ಕೈಯಲ್ಲೇ ಹಬ್ಬವಾ? ನಾಚಿಕೆ ಉಂಟಾ ನಿಮಗೆ?”

“ಸತ್ತವರು ಏಳ್ತಾರೆ ಅಂತ ಹೇಳುವ ಹಬ್ಬ ಅಜ್ಜಿ ಇದು. ಈ ವರ್ಷವೇ ಬಿಟ್ರೆ ಮತ್ತೆ ಎಂತಕ್ಕೆ ಮಾಡುದು?”

“ಓಹೋ! ಹಾಗಾದ್ರೆ ಅವಳ ಪಾಲೂ ಬೇಯಿಸಿದ್ದೀರಾ?”

“ಹೌದು. ಇದು ಅವಳ ಪಾಲೇ,” ಎಂದು ಬಾಯಮ್ಮ ತಟ್ಟೆಯನ್ನು ನನ್ನ ಕೈಗಿಟ್ಟರು. ಸನ್ನ ಇನ್ನೂ ಬಿಸಿಯಿತ್ತು, ಹತ್ತಿಯಷ್ಟು ಮೆದು.

“ಸೂತಕದ್ದು ಒಳಗೆ ಬೇಡ. ನಾಯಿಗೆ ಹಾಕು ಮಗಾ,” ಎಂದರು ಅಜ್ಜಿ.

ಬಾಯಮ್ಮ ಇನ್ನೂ ಗೇಟು ದಾಟಿರಲಿಲ್ಲ. ನಾನು ಹಾಕಿದೆ. ನಾಯಿ ತಿಂದು ಮುಗಿಸುವವರೆಗೂ ಅವರು ನಿಂತು ನೋಡಿದರು. ಆಮೇಲೆ ಖಾಲಿ ತಟ್ಟೆ ತೆಗೆದುಕೊಂಡು ಹೋದರು.

ಇನ್ನು ಬಾಯಮ್ಮ ನಮ್ಮ ಮನೆಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆವು. ಮರುವರ್ಷದ ಈಸ್ಟರ್‌ಗೆ ಬಂದರು, ಎರಡು ತಟ್ಟೆ ಹಿಡಿದು.

“ನಾಯಿಗೆ ಬೇರೆಯೇ ತಂದಿದ್ದೇನೆ ಅಜ್ಜಿ,” ಎಂದರು. “ಇದು ನಿಮಗೆ.”